ಹಗಲು ಆಫೀಸು, ರಾತ್ರಿ ಕಾಲ್: ವಿದೇಶಿ ತಂಡದ ಜೊತೆ ದುಡಿಯುವವರು ದಿನಕ್ಕೊಂದು ಕೊನೆ ಕಂಡುಕೊಳ್ಳುವುದು ಹೇಗೆ

ಬೆಳಿಗ್ಗೆ ಹತ್ತಕ್ಕೆ ಇಲ್ಲಿನ ತಂಡದ ಸ್ಟ್ಯಾಂಡ್‌ಅಪ್ ಎಂಬ ಚುಟುಕು ಸಭೆ, ರಾತ್ರಿ ಒಂಬತ್ತೂವರೆಗೆ ಕ್ಯಾಲಿಫೋರ್ನಿಯಾದವರ ಜೊತೆ ಕಾಲ್. ನಡುವೆ ಟ್ರಾಫಿಕ್ಕು, ಅಡುಗೆ, ಮಗುವಿನ ಹೋಂವರ್ಕು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ವಿದೇಶಿ ತಂಡಗಳ ಜೊತೆ ಕೆಲಸ ಮಾಡುವ ಬಹಳಷ್ಟು ಮನೆಗಳ ದಿನಚರಿ ಇದೇ. ಇಂಥವರನ್ನು ಕೇಳಿದರೆ ಕೆಲಸದ ಗಂಟೆ ಎಂಟೂವರೆಯೋ ಒಂಬತ್ತೋ ಇರುತ್ತದೆ, ಅದೇನೂ ವಿಪರೀತವಲ್ಲ. ತೊಂದರೆ ಇರುವುದು ಆ ಎಂಟೂವರೆ ಗಂಟೆ ಹದಿನಾಲ್ಕು ಗಂಟೆಯ ಉದ್ದಕ್ಕೂ ಚೆಲ್ಲಿಕೊಂಡಿರುವುದರಲ್ಲಿ. ಸಂಜೆ ಏಳಕ್ಕೆ ಮನೆಗೆ ಬಂದರೂ ಮನಸ್ಸು ಒಂಬತ್ತೂವರೆಯನ್ನೇ ಕಾಯುತ್ತಿರುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮವೆಲ್ಲ ಒಂದೇ ಕಡೆಗೆ ಸಾಗುತ್ತದೆ: ಮೊದಲು ದಿನದ ಕೊನೆಯನ್ನು ಗಟ್ಟಿ ಮಾಡಿಕೊಳ್ಳುವುದು, ಮಿಕ್ಕಿದ್ದನ್ನು ಅದರ ಹಿಂದೆ ಜೋಡಿಸಿಕೊಳ್ಳುವುದು.

ಮೊದಲ ವಾರ ಬರೀ ಲೆಕ್ಕ

ಈ ವಾರ ಏನನ್ನೂ ಬದಲಿಸಬೇಡಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಏಳು ದಿನ, ಶನಿವಾರ ಭಾನುವಾರವೂ ಸೇರಿ, ಐದು ಸಮಯ ಬರೆದಿಡಿ: ಎದ್ದದ್ದು, ಕೆಲಸದ ಮೆಸೇಜನ್ನು ಮೊದಲು ನೋಡಿದ್ದು, ಕೊನೆಗೆ ನೋಡಿದ್ದು, ಓಡಾಟಕ್ಕೆ ಹೋದ ನಿಮಿಷಗಳು, ಮಲಗಿದ್ದು. ಕೂತು ಮಾಡಿದ ಕೆಲಸದ ಗಂಟೆ ಪ್ರತ್ಯೇಕ. ಹೆಚ್ಚಿನವರು ಕ್ಯಾಲೆಂಡರಿನಲ್ಲಿರುವ ಮೀಟಿಂಗುಗಳನ್ನಷ್ಟೇ ಕೂಡಿಸಿ ತಪ್ಪುತ್ತಾರೆ. ಹಾಸಿಗೆಯಲ್ಲಿ ನೋಡಿದ ಮೊದಲ ಮೇಲ್, ಸಾರು ಕುದಿಯುವಾಗ ಕೊಟ್ಟ ಎರಡು ಸಾಲಿನ ಉತ್ತರ, ಇವೆಲ್ಲ ಸೇರಬೇಕು.

ವಾರದ ಕೊನೆಗೆ ಮೂರು ಅಂಕಿ ತೆಗೆಯಿರಿ. ವಾರದ ಒಟ್ಟು ಕೆಲಸದ ಗಂಟೆ ಒಂದು. ಮೊದಲ ಮೆಸೇಜಿನಿಂದ ಕೊನೆಯ ಮೆಸೇಜಿನವರೆಗಿನ ಹರವು ಇನ್ನೊಂದು. ಸರಾಸರಿ ನಿದ್ದೆ ಮೂರನೆಯದು. ಬೆಳಿಗ್ಗೆ 8:15ಕ್ಕೆ ಮೇಲ್ ನೋಡಿ, ರಾತ್ರಿ 10:40ಕ್ಕೆ ಕಾಲ್ ಮುಗಿಸಿದವರ ಹರವು 14 ಗಂಟೆ 25 ನಿಮಿಷ, ಕೆಲಸ ಮಾಡಿದ್ದು ಎಂಟೂವರೆ ಗಂಟೆಯಾದರೂ. ಮುಂದೆ ಮ್ಯಾನೇಜರ್ ಹತ್ತಿರ ಮಾತಾಡುವಾಗ ನಿಮ್ಮ ಕೈಯಲ್ಲಿರಬೇಕಾದ ಅಂಕಿ ಈ ಎರಡನೆಯದೇ.

ಅಳೆದು ನೋಡಲು ಕೆಲವು ಗೆರೆಗಳಿವೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಹಾಕಿರುವ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ದಾಟಬಾರದು, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಅದಕ್ಕೆ ದುಪ್ಪಟ್ಟು ದರದಲ್ಲಿ ಸಂಬಳ ಕೊಡಬೇಕು. ಬಿಡುವಿನ ಹೊತ್ತೂ ಸೇರಿ ದಿನದ ಹರವು 12 ಗಂಟೆಯೊಳಗೆ ಇರಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮ ಹುದ್ದೆ ಯಾವುದೆಂದು ನೇಮಕಾತಿ ಪತ್ರದಲ್ಲಿ ನೋಡಿಕೊಳ್ಳಿ. ಇನ್ನು ದೇಹದ ಗೆರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ನಿಮ್ಮ ಮೊದಲ ಅಂಕಿ 55 ದಾಟಿದ್ದರೆ ಮುಂದಿನ ಹೆಜ್ಜೆಗಳನ್ನು ಇದೇ ತಿಂಗಳು ಶುರು ಮಾಡಿ.

ಗಡಿಯಾರದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಬ್ರಿಟನ್ ಮತ್ತು ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 9:30, ಚಳಿಗಾಲದಲ್ಲಿ 10:30. ನ್ಯೂಯಾರ್ಕಿನ 9 ಗಂಟೆ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಲಂಡನ್ನಿನ 9 ಗಂಟೆ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ಜೂನ್‌ನಲ್ಲಿ ಒಪ್ಪಿಕೊಂಡ ಕಾಲ್ ನವೆಂಬರಿನಲ್ಲಿ ಯಾರನ್ನೂ ಕೇಳದೆ ಒಂದು ಗಂಟೆ ಮುಂದಕ್ಕೆ ಜಾರಿ ನಿದ್ದೆಗೆ ಕೈ ಹಾಕುತ್ತದೆ. ಹಾಗಾಗಿ ಕಾಲ್ ಒಪ್ಪಿಕೊಳ್ಳುವಾಗಲೇ ‘ನಮ್ಮ ಸಮಯ ರಾತ್ರಿ 9:30, ವರ್ಷವಿಡೀ’ ಎಂದು ಕೇಳಿ, ಇನ್ವೈಟನ್ನು ಭಾರತೀಯ ಸಮಯಕ್ಕೆ ಕಟ್ಟಿಸಿ. ಇನ್ವೈಟ್ ಕಳಿಸುವವರು ನೀವೇ ಆದರೆ ಇದು ಒಂದು ಕ್ಲಿಕ್ಕಿನ ಕೆಲಸ.

ರಾತ್ರಿಯ ಬದಲು ಬೆಳಗನ್ನು ಕೇಳಬಹುದೆನ್ನುವುದು ಎಷ್ಟೋ ತಂಡಗಳಿಗೆ ಹೊಳೆದೇ ಇರುವುದಿಲ್ಲ. ನಮ್ಮ ಬೆಳಿಗ್ಗೆ 7 ಗಂಟೆ ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ದಿನದ ಸಂಜೆ 6:30, ಚಳಿಗಾಲದಲ್ಲಿ 5:30. ಎರಡು ವಾರ ನಾವು ರಾತ್ರಿ ಕೂರುತ್ತೇವೆ, ಎರಡು ವಾರ ನೀವು ಸಂಜೆ ಕೂರಿ ಎಂದು ಸರದಿ ಮಾಡಿಕೊಂಡರೆ ಅನನುಕೂಲ ಹಂಚಿಹೋಗುತ್ತದೆ. ಆದರೆ ದಿನ ನೋಡಿ ಆರಿಸಿ. ನಮ್ಮ ಸೋಮವಾರ ಬೆಳಿಗ್ಗೆ ಅವರಿಗೆ ಭಾನುವಾರ ಸಂಜೆ, ಅವರ ಶುಕ್ರವಾರ ಸಂಜೆ ನಮಗೆ ಶನಿವಾರ ಬೆಳಿಗ್ಗೆ. ಆದ್ದರಿಂದ ಬೆಳಗಿನ ಕಾಲ್ ಮಂಗಳವಾರದಿಂದ ಶುಕ್ರವಾರದವರೆಗೆ ಮಾತ್ರ. ಅವರ ಶುಕ್ರವಾರ ಬೆಳಗಿನ ಕಾಲ್ ನಮ್ಮ ವಾರಾಂತ್ಯದ ಮೊದಲ ರಾತ್ರಿಯನ್ನು ತಿನ್ನುತ್ತದೆ; ಮೊದಲು ಬಿಡಿಸಿಕೊಳ್ಳಬೇಕಾದದ್ದು ಅದನ್ನೇ.

ನಿದ್ದೆಯನ್ನೂ ಹಿಂದಿನಿಂದ ಎಣಿಸಿ. ಕಾಲ್ 10:30ಕ್ಕೆ ಮುಗಿದರೆ ತಲೆ ತಣ್ಣಗಾಗಲು ಮುಕ್ಕಾಲು ಗಂಟೆಯಾದರೂ ಬೇಕು, ಮಲಗುವಾಗ 11:15. ಮಗುವಿನ ಶಾಲಾ ಬಸ್ಸು 7:15ಕ್ಕೆ ಬರುವ ಮನೆಯಲ್ಲಿ ಡಬ್ಬಿ ಕಟ್ಟುವವರು 5:30ಕ್ಕೆ ಏಳಬೇಕು. ಸಿಕ್ಕಿದ್ದು ಆರೂಕಾಲು ಗಂಟೆ, ಬೇಕಾದದ್ದು ಕನಿಷ್ಠ ಏಳು. ವಾರಕ್ಕೆ ನಾಲ್ಕು ರಾತ್ರಿ ಹೀಗಾದರೆ ಮೂರು ಗಂಟೆ ಸಾಲ ನಿಲ್ಲುತ್ತದೆ, ಭಾನುವಾರ ಹತ್ತರವರೆಗೆ ಮಲಗಿದರೆ ಅದು ಪೂರ್ತಿ ತೀರುವುದಿಲ್ಲ. ಪರಿಹಾರ ಎರಡೇ: ಕಾಲ್ 9:30ರೊಳಗೆ ಮುಗಿಯಬೇಕು, ಇಲ್ಲವೇ ಕಾಲ್ ಇದ್ದ ಮರುದಿನದ ಬೆಳಗು ಮನೆಯ ಇನ್ನೊಬ್ಬರ ಪಾಲಾಗಬೇಕು. ಕಾಫಿ ಕುಡಿದು ತಳ್ಳುತ್ತೇನೆ ಎನ್ನಬೇಡಿ. ಕುಡಿದ ಕೆಫೀನಿನ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಹಿಡಿಯುತ್ತದೆ, ರಾತ್ರಿ 9ರ ಲೋಟದ ಅರ್ಧ ಪಾಲು ನಡುರಾತ್ರಿ ಕಳೆದು 2 ಗಂಟೆಯಾದರೂ ಮೈಯಲ್ಲಿರುತ್ತದೆ. ಸಂಜೆ 4ರದ್ದೇ ಕೊನೆಯ ಕಾಫಿಯಾಗಲಿ.

ಮ್ಯಾನೇಜರ್ ಜೊತೆ ಮಾತು

‘ತುಂಬಾ ಸ್ಟ್ರೆಸ್ ಆಗ್ತಿದೆ’ ಎಂದು ಶುರುವಾದ ಮಾತು ಸಾಮಾನ್ಯವಾಗಿ ‘ಈ ರಿಲೀಸ್ ಮುಗೀಲಿ, ನೋಡೋಣ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೇಳುವವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅದಕ್ಕೇ ಮುಂದೂಡುತ್ತಾರೆ. ಅಂಕಿ ಹೇಳಿ, ಸಣ್ಣದನ್ನು ಕೇಳಿ, ಅವಧಿ ಹಾಕಿ. ಮುಖಾಮುಖಿ ಮಾತಾಡಿದ ಮೇಲೆ ಅದನ್ನೇ ಬರಹದಲ್ಲಿ ಕಳಿಸಿ. ಒಕ್ಕಣೆ ಸುಮಾರು ಹೀಗಿರಲಿ:

‘ಕಳೆದ ವಾರ ನನ್ನ ಕೆಲಸದ ದಿನ ಸರಾಸರಿ 14 ಗಂಟೆ ಹರಡಿಕೊಂಡಿತ್ತು. ಮುಂದಿನ ನಾಲ್ಕು ವಾರ ಪ್ರಯೋಗಕ್ಕೆ ಹೀಗೆ ಮಾಡೋಣವೇ? ಮಂಗಳವಾರ ಮತ್ತು ಗುರುವಾರ ರಾತ್ರಿಯ ಕಾಲ್‌ಗೆ ನಾನಿರುತ್ತೇನೆ, ಮರುದಿನ 11ಕ್ಕೆ ಶುರು ಮಾಡುತ್ತೇನೆ. ಸೋಮವಾರ, ಬುಧವಾರ ಸಂಜೆ 6ರೊಳಗೆ ಬರಹದಲ್ಲಿ ಅಪ್‌ಡೇಟ್ ಹಾಕುತ್ತೇನೆ. ಪ್ರೊಡಕ್ಷನ್ (ಗ್ರಾಹಕರು ಬಳಸುತ್ತಿರುವ ವ್ಯವಸ್ಥೆ) ನಿಂತರೆ ಯಾವ ಹೊತ್ತಿಗಾದರೂ ಫೋನ್ ಮಾಡಿ. ನಾಲ್ಕು ವಾರದ ಮೇಲೆ ಏನಾದರೂ ತಡವಾಯಿತೇ ಎಂದು ಒಟ್ಟಿಗೆ ನೋಡೋಣ.’

ಕೊನೆಯ ಎರಡು ಸಾಲು ಬಿಡಬೇಡಿ. ಯಾವ ಮ್ಯಾನೇಜರಿಗೂ ಇರುವ ಭಯ ‘ಬೇಕಾದಾಗ ಆಳು ಸಿಗದಿದ್ದರೆ?’ ಎಂಬುದು, ಫೋನ್ ಮಾಡಿ ಎಂಬ ಮಾತು ಅದಕ್ಕೆ ಉತ್ತರ. ತುರ್ತಿಗೆ ಫೋನ್, ಮಿಕ್ಕಿದ್ದಕ್ಕೆಲ್ಲ ಚಾಟ್ ಎಂದು ಒಮ್ಮೆ ಬೇರೆ ಮಾಡಿಟ್ಟರೆ ಚಾಟನ್ನು ರಾತ್ರಿ ನೋಡಬೇಕಾದ ಅಗತ್ಯವೇ ಹೋಗುತ್ತದೆ. ಒಪ್ಪಂದದ ಪ್ರಕಾರ ಆನ್‌ಕಾಲ್ ಸರದಿ, ಅಂದರೆ ಕರೆದಾಗ ಎದ್ದು ಕೆಲಸಕ್ಕೆ ಕೂರುವ ಸರದಿ, ಇರುವವರ ಲೆಕ್ಕ ಬೇರೆ. ಅವರು ಕೇಳಬೇಕಾದದ್ದು ಎಷ್ಟು ವಾರಕ್ಕೊಮ್ಮೆ ಸರದಿ, ಭತ್ಯೆ ಎಷ್ಟು, ನಡುರಾತ್ರಿ ಎದ್ದರೆ ಮರುದಿನ ಬಿಡುವುಂಟೇ ಎಂಬುದನ್ನು.

ಬರಹದ ಅಪ್‌ಡೇಟ್ ಹತ್ತು ಸಾಲು ದಾಟದಿರಲಿ. ಅವರಿಂದ ಬೇಕಾದ ನಿರ್ಧಾರ ಮೊದಲು, ಯಾರು ನಿರ್ಧರಿಸಬೇಕೋ ಅವರ ಹೆಸರು ಸಮೇತ. ಆಮೇಲೆ ನಿಂತಿರುವ ಕೆಲಸ, ಕೊನೆಗೆ ಮುಗಿದದ್ದು. ‘ನಮ್ಮ ನಾಳೆ ಬೆಳಿಗ್ಗೆ 10ರೊಳಗೆ ಉತ್ತರ ಬಾರದಿದ್ದರೆ ಎರಡನೇ ದಾರಿ ಹಿಡಿಯುತ್ತೇವೆ’ ಎಂಬ ಸಾಲು ಇದ್ದರೆ ಒಂದು ಇಡೀ ದಿನದ ಕಾಯುವಿಕೆ ತಪ್ಪುತ್ತದೆ. ಮುಗಿದದ್ದರ ಉದ್ದ ಪಟ್ಟಿಯಿಂದ ಶುರುವಾಗುವ ಅಪ್‌ಡೇಟನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ, ಪ್ರಶ್ನೆ ಕೆಳಗೆ ಹೂತುಹೋಗಿ ‘ಒಂದು ಕ್ವಿಕ್ ಕಾಲ್?’ ಬಂದೇಬರುತ್ತದೆ.

ಒಪ್ಪಿಗೆ ಸಿಕ್ಕ ಮೇಲೂ ಇದು ಕೆಡುವುದುಂಟು, ಅದಕ್ಕೆ ಹೆಚ್ಚಾಗಿ ಎರಡು ಕಾರಣ. ಒಂದು, ಕ್ಯಾಲೆಂಡರಿನಲ್ಲಿ ಕೆಲಸದ ವೇಳೆ ಹಾಕಿದರೆ ಸಾಕೆಂದುಕೊಳ್ಳುವುದು. ಗೂಗಲ್ ಕ್ಯಾಲೆಂಡರಿನ ಆ ಸೆಟ್ಟಿಂಗ್ ಕರೆಯುವವರಿಗೆ ಎಚ್ಚರಿಕೆ ತೋರಿಸುತ್ತದೆಯೇ ಹೊರತು ಇನ್ವೈಟನ್ನು ತಡೆಯುವುದಿಲ್ಲ. ಕಚೇರಿ ಖಾತೆಯಲ್ಲಿ ‘ಔಟ್ ಆಫ್ ಆಫೀಸ್’ ಎಂದು ಕಾಲ್ ಇಲ್ಲದ ದಿನಗಳ ಸಂಜೆ 7ರಿಂದ ಪುನರಾವರ್ತನೆಯಾಗುವಂತೆ ಹಾಕಿದರೆ ಆ ಹೊತ್ತಿಗೆ ಬಂದ ಮೀಟಿಂಗ್ ತಾನಾಗಿ ನಿರಾಕರಣೆಯಾಗುತ್ತದೆ. ಎರಡನೆಯ ಕಾರಣ ನಾವೇ. ರಾತ್ರಿ 11:10ಕ್ಕೆ ಬಂದ ಮೆಸೇಜಿಗೆ ಎರಡು ಸಲ ಉತ್ತರಿಸಿದರೆ ಸಾಕು, ಈ ಹೊತ್ತಿಗೂ ಇವರು ಸಿಗುತ್ತಾರೆ ಎಂದು ಇಡೀ ತಂಡ ಕಲಿತುಬಿಡುತ್ತದೆ. ಓದಿದರೂ ಉತ್ತರವನ್ನು ಬೆಳಿಗ್ಗೆಗೆ ಇಡಿ. ನೆನಪು ಹೋಗುತ್ತದೆಂಬ ಭಯವಿದ್ದರೆ ಬರೆದು, ಜಿಮೇಲ್‌ನ ಸೆಂಡ್ ಬಟನ್ ಪಕ್ಕದ ಬಾಣ ಒತ್ತಿ ಮರುದಿನ 10ಕ್ಕೆ ಹೋಗುವಂತೆ ಶೆಡ್ಯೂಲ್ ಮಾಡಿ. ನಿಮ್ಮ ಕೈಕೆಳಗೆ ನಾಲ್ಕು ಜನರಿದ್ದರೆ ಇದು ನಿಮ್ಮ ಕರ್ತವ್ಯ ಕೂಡ. ರಾತ್ರಿ ನೀವು ಕಳಿಸಿದ ‘ಅರ್ಜೆಂಟ್ ಏನಿಲ್ಲ’ ಎಂಬ ಮೆಸೇಜನ್ನು ಹೊಸದಾಗಿ ಸೇರಿದ ಹುಡುಗಿ ಅರ್ಜೆಂಟ್ ಎಂದೇ ಓದುತ್ತಾಳೆ.

ಫೋನಿನಲ್ಲಿ ಮಾಡಬೇಕಾದದ್ದು

ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿಯವರು ವರ್ಕ್ ಪ್ರೊಫೈಲ್ (ಕಚೇರಿಯ ಆ್ಯಪ್‌ಗಳನ್ನು ಬೇರೆಯಾಗಿಡುವ ಭಾಗ) ಹಾಕಿಕೊಟ್ಟಿದ್ದರೆ, ಮೇಲಿನಿಂದ ಕೆಳಗೆಳೆದಾಗ ಕಾಣುವ ಪಟ್ಟಿಯಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇರುತ್ತದೆ. ಒಮ್ಮೆ ಒತ್ತಿದರೆ ಕಚೇರಿಯ ಆ್ಯಪ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ. ಐಫೋನಿನಲ್ಲಿ ನೋಟಿಫಿಕೇಶನ್ ತಡೆಯುವ ಫೋಕಸ್‌ಗೆ ವೇಳಾಪಟ್ಟಿ ಹಾಕಿ. ಕಚೇರಿ ಚಾಟಿಗೆ ಬಳಸುವ ಟೀಮ್ಸ್‌ನ ಮೊಬೈಲ್ ಆ್ಯಪ್‌ನಲ್ಲೂ ಸ್ಲ್ಯಾಕ್‌ನಲ್ಲೂ ನೋಟಿಫಿಕೇಶನ್ ಸೆಟ್ಟಿಂಗ್ ಒಳಗೆ ಮೌನದ ಹೊತ್ತನ್ನು ದಿನವಾರು ನಿಗದಿ ಮಾಡಬಹುದು. ಫೋನ್ ಕರೆ ಮಾತ್ರ ಬರುವಂತೆ ಇರಲಿ, ಮ್ಯಾನೇಜರಿಗೆ ಕೊಟ್ಟ ಮಾತು ಅದೇ ತಾನೆ.

ಸೋರುವುದು ಸಾಮಾನ್ಯವಾಗಿ ವಾಟ್ಸ್‌ಆ್ಯಪ್‌ನಲ್ಲಿ. ತಂಡದ ಗ್ರೂಪು, ಮನೆಯವರ ಗ್ರೂಪು, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗ್ರೂಪು ಎಲ್ಲ ಒಂದೇ ಪಟ್ಟಿಯಲ್ಲಿರುವುದರಿಂದ ಅಮ್ಮನ ಮೆಸೇಜ್ ನೋಡಲು ಹೋದವರು ಬಗ್ ರಿಪೋರ್ಟ್ ನೋಡಿ ಬರುತ್ತಾರೆ. ಕೆಲಸದ ಗ್ರೂಪನ್ನು ಆರ್ಕೈವ್ ಮಾಡಿ, ಚಾಟ್ ಸೆಟ್ಟಿಂಗಿನಲ್ಲಿ ಆರ್ಕೈವ್ ಆದವು ಅಲ್ಲೇ ಉಳಿಯಲಿ ಎಂಬುದನ್ನು ಆನ್ ಮಾಡಿ. ಇಲ್ಲದಿದ್ದರೆ ಹೊಸ ಮೆಸೇಜ್ ಬಂದೊಡನೆ ಗ್ರೂಪು ಮತ್ತೆ ಮೇಲೆದ್ದು ಕೂರುತ್ತದೆ.

ಓಡಾಟ

ರಾತ್ರಿ ಕಾಲ್ ಇರುವ ದಿನವೇ ಮನೆಯಿಂದ ಕೆಲಸದ ದಿನವಾಗಲಿ. ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕೆಂಬ ನಿಯಮವಿದ್ದರೆ ಸೋಮವಾರ, ಬುಧವಾರ, ಶುಕ್ರವಾರ ಹೋಗಿ, ಕಾಲ್‌ಗಳನ್ನು ಮಂಗಳವಾರ ಗುರುವಾರಕ್ಕೆ ತನ್ನಿ. ಸಂಜೆ ಏಳಕ್ಕೆ ಹೊರ ವರ್ತುಲ ರಸ್ತೆಯಲ್ಲೋ ಸಿಲ್ಕ್ ಬೋರ್ಡಿನಲ್ಲೋ ಸಿಕ್ಕಿಹಾಕಿಕೊಂಡು, ಕಾರಿನೊಳಗೇ ಕಾಲ್‌ಗೆ ಸೇರುವುದು ಅಪಾಯಕರ, ಕೆಲಸವೂ ಆಗುವುದಿಲ್ಲ. ಆಫೀಸಿಗೆ ಹೋದ ದಿನವೇ ಕಾಲ್ ಬಂದರೆ ನಾಲ್ಕಕ್ಕೇ ಹೊರಟು ಆರರೊಳಗೆ ಮನೆ ಸೇರಿ. ಉಳಿದದ್ದನ್ನು ಮನೆಯಿಂದ ಮಾಡಿ.

ಮನೆ ಬದಲಿಸುವ ಯೋಚನೆಯಲ್ಲಿರುವವರು ಬಾಡಿಗೆಯ ಪಕ್ಕದಲ್ಲಿ ಮೆಟ್ರೋವನ್ನೂ ಬರೆದುಕೊಳ್ಳಿ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ದಿನಕ್ಕೆ 40 ನಿಮಿಷ ಉಳಿದರೂ ವಾರಕ್ಕೆ ಐದು ದಿನಕ್ಕೆ 3 ಗಂಟೆ 20 ನಿಮಿಷ ಮನೆಗೆ ಬರುತ್ತದೆ.

ಮನೆಯೊಳಗಿನ ಒಪ್ಪಂದ

ಕಚೇರಿಯಿಂದ ಬಿಡಿಸಿಕೊಂಡ ಹೊತ್ತು ಮನೆಗೆಲಸದಲ್ಲಿ ಒಬ್ಬರ ತಲೆಯ ಮೇಲೇ ಬಿದ್ದರೆ ಅದನ್ನು ಬಿಡುವೆನ್ನಲಾಗದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಿದ್ದರು. ಇಬ್ಬರೂ ದುಡಿಯುವ ಮನೆಯಲ್ಲಿ ಈ ಅಂತರವನ್ನು ಮುಟ್ಟದೆ ಬೇರೇನು ಬದಲಿಸಿದರೂ ಹೆಂಡತಿಯ ದಿನ ಹಾಗೇ ಉಳಿಯುತ್ತದೆ.

ಭಾನುವಾರ ಅರ್ಧ ಗಂಟೆ ಕೂತು ಮನೆಯ ಕೆಲಸಗಳನ್ನೆಲ್ಲ ಬರೆಯಿರಿ, ಕಾಣದವನ್ನೂ ಸೇರಿಸಿ: ಗ್ಯಾಸ್ ಬುಕ್ ಮಾಡುವುದು, ಶಾಲೆಯ ಶುಲ್ಕದ ಕೊನೆಯ ದಿನ ನೆನಪಿಡುವುದು, ಮಾವನವರ ಬಿಪಿ ಮಾತ್ರೆ ತೀರುವ ಮೊದಲು ತರುವುದು, ನಾಳೆಯ ಇಡ್ಲಿಗೆ ಇಂದು ಅಕ್ಕಿ ಉದ್ದು ನೆನೆಹಾಕುವುದು. ಆಮೇಲೆ ಹಂಚಿ. ಹಂಚುವಾಗ ‘ಸಹಾಯ ಮಾಡ್ತೀನಿ, ಹೇಳು’ ಎಂಬ ಮಾತು ಬೇಡ, ಹೇಳುವುದೇ ಒಂದು ಕೆಲಸ. ತರಕಾರಿ ನಿಮ್ಮದಾದರೆ ಏನು ಮುಗಿದಿದೆ ಎಂದು ಫ್ರಿಜ್ ತೆಗೆದು ನೋಡುವುದರಿಂದ ಹಿಡಿದು ತಂದು ಒಳಗಿಡುವವರೆಗೂ ನಿಮ್ಮದೇ. ರಾತ್ರಿ ಕಾಲ್ ಇದ್ದವರ ಮರುದಿನದ ಬೆಳಗು ಇನ್ನೊಬ್ಬರದು ಎಂಬ ಸಾಲನ್ನು ಈ ಪಟ್ಟಿಯ ಮೇಲೆಯೇ ಬರೆಯಿರಿ.

ಊಟ ಕಾಲ್‌ಗೆ ಮುಂಚೆ, 8ರ ಹೊತ್ತಿಗೆ, ಎಲ್ಲರೂ ಒಟ್ಟಿಗೆ. ಸಂಜೆಯ ಈ ಒಂದು ಗಂಟೆ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮನೆಯಲ್ಲಿ ಹಿರಿಯರಿದ್ದರೆ ಬಾಗಿಲು ಹಾಕಿದಾಗ ಮಾತಾಡಿಸಬೇಡಿ ಎಂದಷ್ಟೇ ಹೇಳದೆ ಎಷ್ಟು ಹೊತ್ತಿಗೆ ತೆಗೆಯುತ್ತೇನೆ ಎಂಬುದನ್ನೂ ಹೇಳಿ, ಆ ಹೊತ್ತಿಗೆ ತೆಗೆಯಿರಿ. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್ ಬ್ಯಾಗಿಗೆ, ಬ್ಯಾಗ್ ಬೀರುವಿಗೆ. ಊಟದ ಮೇಜಿನ ಮೇಲೆ ತೆರೆದೇ ಇದ್ದರೆ ನೀರು ಕುಡಿಯಲು ಎದ್ದವರೂ ಒಮ್ಮೆ ನೋಡಿಯೇ ಹೋಗುತ್ತಾರೆ.

ರಜೆ

ಐದು ರಾಷ್ಟ್ರೀಯ ಮತ್ತು ನಾಡ ದಿನಗಳು, ಅಂದರೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಕರ್ನಾಟಕದಲ್ಲಿ ಕಡ್ಡಾಯ ರಜೆ. ಹಬ್ಬಗಳ ರಜೆ ಬೇರೆ. 1961ರ ಕಾಯ್ದೆಯಂತೆ ದುಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ ಸೇರುತ್ತದೆ. ನಿಮ್ಮ ಕಂಪನಿ ಇದಕ್ಕಿಂತ ಹೆಚ್ಚು ಕೊಡುತ್ತಿರಬಹುದು. ಅಮೆರಿಕದ ಕ್ಲೈಂಟಿನ ರಜಾಪಟ್ಟಿಯನ್ನೇ ತಂಡ ಪಾಲಿಸುತ್ತಿದ್ದರೆ ದಸರೆಗೂ ಯುಗಾದಿಗೂ ಕೆಲಸ ಬೀಳುತ್ತದೆ. ಜನವರಿಯಲ್ಲೇ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು, ಊರ ಜಾತ್ರೆ, ಮನೆಯ ಕಾರ್ಯ, ಮಕ್ಕಳ ಬೇಸಿಗೆ ರಜೆ ನೋಡಿ, ಐದು ದಿನದ ಎರಡು ರಜೆಗಳನ್ನಾದರೂ ಆಗಲೇ ಹಾಕಿಬಿಡಿ. ಬಿಡಿಬಿಡಿಯಾಗಿ ತೆಗೆದ ರಜೆ ಬ್ಯಾಂಕಿಗೂ ಆಸ್ಪತ್ರೆಗೂ ಖರ್ಚಾಗಿ ಹೋಗುತ್ತದೆ.

ಹೊರಡುವ ಎರಡು ದಿನ ಮುಂಚೆ ಒಂದು ಪುಟದ ಹಸ್ತಾಂತರ ಟಿಪ್ಪಣಿ ಬರೆಯಿರಿ: ಯಾವ ಕೆಲಸ ಎಲ್ಲಿದೆ, ಯಾರನ್ನು ಕೇಳಬೇಕು, ಏನನ್ನು ನೀವು ಬರುವವರೆಗೆ ಮುಟ್ಟಬಾರದು. ಲ್ಯಾಪ್‌ಟಾಪನ್ನು ‘ಇರಲಿ’ ಎಂದು ಊರಿಗೆ ಒಯ್ಯಬೇಡಿ. ಜೊತೆಗಿದ್ದರೆ ತೆಗೆಯುವ ಸಂದರ್ಭ ಹುಟ್ಟಿಕೊಳ್ಳುತ್ತದೆ, ಅಲ್ಲಿಗೆ ಆ ದಿನ ರಜೆಯಾಗಿ ಉಳಿಯಲಿಲ್ಲ. ಮರಳಿ ಬಂದ ಮೊದಲ ಅರ್ಧ ದಿನ ಮೀಟಿಂಗ್ ಇಲ್ಲದಂತೆ ಮೊದಲೇ ತಡೆದಿಡಿ.

ಇಷ್ಟಾದರೂ ಹತೋಟಿಗೆ ಬಾರದಿದ್ದರೆ

ದಣಿವು ನಿದ್ದೆಯಿಂದಲೂ ಹೋಗದಿರುವುದು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರ ಸರಿದ ಭಾವ, ಮೊದಲು ಸಲೀಸಾಗಿದ್ದದ್ದೂ ಕೈಗೆ ಹತ್ತದಿರುವುದು: ಈ ಮೂರು ಒಟ್ಟಿಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಎಂದು ವಿವರಿಸುವ ಸ್ಥಿತಿ ಅದು. ಅದು ಕೆಲಸದಿಂದ ಬರುವ ಸ್ಥಿತಿಯೆಂದೇ ಅವರು ಹೇಳುತ್ತಾರೆ, ನಿಮ್ಮ ದುರ್ಬಲತೆಯೆಂದಲ್ಲ. ಎರಡು ವಾರ ಕಳೆದರೂ ಹಾಗೇ ಇದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ 14416 ಉಚಿತ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಬಿಟ್ಟಿರಲಾಗದ ಸ್ಥಿತಿಗೆ ಬಂದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ 2014ರಲ್ಲೇ ಒಂದು ಪ್ರತ್ಯೇಕ ಕ್ಲಿನಿಕ್ ತೆರೆದಿದೆ. ಬದುಕುವುದೇ ಬೇಡವೆನಿಸುತ್ತಿದ್ದರೆ ಎರಡು ವಾರ ಕಾಯಬೇಡಿ, ಈಗಲೇ ಕರೆ ಮಾಡಿ, ಮನೆಯವರೊಬ್ಬರಿಗೆ ಹೇಳಿ.

ಗಂಟೆಗಳು ಕಾಯ್ದೆಯ ಮಿತಿ ದಾಟುತ್ತಲೇ ಇದ್ದರೆ ಮೊದಲ ವಾರದ ನೋಟ್‌ಬುಕ್ಕನ್ನು ಮುಂದುವರಿಸಿ. ದಿನಾಂಕ, ಸಮಯ, ಯಾರು ಕೇಳಿದ್ದು ಎಂಬುದಿರಲಿ. ಮೊದಲು ಎಚ್‌ಆರ್‌ಗೆ ಬರಹದಲ್ಲಿ, ಆಮೇಲೆ ಕಾರ್ಮಿಕ ಇಲಾಖೆಗೆ. ಒಬ್ಬರೇ ಹೋಗಲು ಅಂಜಿಕೆಯಾದರೆ ಐಟಿ ನೌಕರರ ಸಂಘವೂ ರಾಜ್ಯದಲ್ಲಿದೆ. 2024ರಲ್ಲಿ ಕೆಲಸದ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ಅದು ಬೀದಿಗಿಳಿದು ವಿರೋಧಿಸಿತ್ತು.

ನಾಲ್ಕು ವಾರದ ಪ್ರಯೋಗ ಮುಗಿದ ಮೇಲೆ ಮತ್ತೆ ಏಳು ದಿನ ಅದೇ ಐದು ಸಮಯ ಬರೆಯಿರಿ. ಹರವು 14ರಿಂದ 12ಕ್ಕೆ ಇಳಿದು, ನಿದ್ದೆ ಏಳು ಮುಟ್ಟಿದ್ದರೆ ಒಪ್ಪಂದವನ್ನು ಮುಂದುವರಿಸಲು ಮ್ಯಾನೇಜರಿಗೆ ಬರೆಯಿರಿ. ಇಳಿಯದಿದ್ದರೆ ಯಾವ ರಾತ್ರಿ ತಪ್ಪಿತು ಎಂದು ನೋಟ್‌ಬುಕ್ಕಿನಲ್ಲೇ ಸಿಗುತ್ತದೆ, ಆ ಒಂದು ಕಾಲನ್ನು ಮೊದಲು ಸರಿಸಿ. ಕ್ಯಾಲೆಂಡರಿನಲ್ಲಿ ಮಾರ್ಚ್ ಎರಡನೇ ಭಾನುವಾರಕ್ಕೂ ನವೆಂಬರ್ ಮೊದಲ ಭಾನುವಾರಕ್ಕೂ ಒಂದೊಂದು ನೆನಪಿನ ಗುರುತು ಹಾಕಿಡಿ; ಅಂದು ಎಲ್ಲ ಕಾಲ್‌ಗಳ ಸಮಯ ಮತ್ತೊಮ್ಮೆ ನೋಡಬೇಕು.